ಗಟ್ಟಿ ಗಾಡಿ, ಹಗುರ ಗಾಡಿ

ನಿಂಬರ್ಗಾದ ಚಹಾದಂಗಡಿಯಲ್ಲಿ ಹಳೇ ಕಾರಿನ ಮಾತು ತೆಗೆದರೆ ಮೊದಲು ಬರುವ ಶಬ್ದ ‘ಗಟ್ಟಿ’. ‘ಅಂಬಾಸಿಡರ್ ಅಂದ್ರ ಗಟ್ಟಿ ಗಾಡಿ ನೋಡ್ರಿ’ ಎಂದು ಒಬ್ಬರು ಶುರು ಮಾಡುತ್ತಾರೆ. ಅದರ ಬೆನ್ನಿಗೇ ಇನ್ನೊಬ್ಬರು ‘ಮಾರುತಿ ಏನ್ರಿ, ಡಬ್ಬಿ’ ಅನ್ನುತ್ತಾರೆ. ಹಾಗೆ ಅಂದವರ ಮನೆಯಲ್ಲೇ ಒಂದು ಕಾಲಕ್ಕೆ ಆ ಡಬ್ಬಿ ಇತ್ತು, ಅದರಲ್ಲೇ ಮಗಳ ಬಾಣಂತನಕ್ಕೆ ಕಲಬುರಗಿಗೆ ಹೋಗಿ ಬಂದಿದ್ದಾರೆ. ಅದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅಂಬಾಸಿಡರ್ ಇದ್ದವರು ಊರಿಗೆ ಒಬ್ಬಿಬ್ಬರೇ. ಇಲ್ಲದವರ ನೆನಪಿನಲ್ಲಿಯೇ ಅದು ಹೆಚ್ಚು ಗಟ್ಟಿಯಾಗಿದೆ.

ಈ ‘ಗಟ್ಟಿ’ ಅನ್ನುವ ಮಾತಿನಲ್ಲಿ ಎಷ್ಟು ನಿಜ ಎನ್ನುವುದನ್ನು ನೋಡಬೇಕೆಂದು ಬಹಳ ದಿನದಿಂದ ಇತ್ತು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ನನ್ನ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ 1996ರ ಒಂದು ಮಾರುತಿ ನಿಂತಿದೆ. ತಕ್ಕಡಿ ಆ ಕಡೆ ಸ್ವಲ್ಪ ವಾಲಿದರೆ ಓದುವವರು ಸರಿಪಡಿಸಿಕೊಳ್ಳಬೇಕು.

ಎರಡೂ ಕಾರುಗಳು ಸತ್ತದ್ದು ಒಂದೇ ವರ್ಷ. 2014ರ ಜನವರಿ 18ಕ್ಕೆ ಮಾರುತಿ 800ರ ತಯಾರಿಕೆ ನಿಂತಿತು. ನಾಲ್ಕು ತಿಂಗಳು ಕಳೆದು, ಮೇ 24ಕ್ಕೆ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಅಂಬಾಸಿಡರ್ ತಯಾರಿಕೆಗೆ ಬಾಗಿಲು ಹಾಕಿತು. ಅದೇ ವರ್ಷದ ನವೆಂಬರ್ 1ಕ್ಕೆ ನಮ್ಮ ಗುಲಬರ್ಗಾ ಕಲಬುರಗಿ ಆಯಿತು. ಹುಟ್ಟಿನಲ್ಲಿ ಮಾತ್ರ ಎರಡಕ್ಕೂ ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚಿನ ಅಂತರ. ಒಂದು 1957-58ರ ಕೂಸು, ಇನ್ನೊಂದು 1983ರದು. ನಡುವಿನ ಮೂವತ್ತು ವರ್ಷ ಇಬ್ಬರೂ ಒಂದೇ ರಸ್ತೆಯ ಮೇಲೆ, ಒಂದೇ ತಗ್ಗಿನಲ್ಲಿ ಬಿದ್ದು ಎದ್ದಿದ್ದಾರೆ. ಹೋಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಕಣ ಸಿಗುವುದಿಲ್ಲ.

ಅಂಬಾಸಿಡರ್ ನಮ್ಮದಾದ ಬಗೆ ವಿಚಿತ್ರ. ಇಂಗ್ಲೆಂಡಿನ ಕೌಲಿಯಲ್ಲಿ ತಯಾರಾಗುತ್ತಿದ್ದ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೇ ಸರಣಿ ಅದರ ಮೂಲ. ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟರ್ಸ್ 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಶುರುವಾಗಿ 1948ಕ್ಕೆ ಉತ್ತರಪಾರಾಕ್ಕೆ ಬಂದಿತ್ತು. ಅಂಬಾಸಿಡರ್‌ಗಿಂತ ಮೊದಲು ಎರಡನೇ ಸರಣಿಯ ಮಾರಿಸನ್ನು ಲ್ಯಾಂಡ್‌ಮಾಸ್ಟರ್ ಎಂಬ ಹೆಸರಿನಲ್ಲಿ ಮಾಡುತ್ತಿತ್ತು. ಇಲ್ಲೇ ತಯಾರಿಸುವ ಯೋಜನೆ ಇಲ್ಲದೆ ಬರೀ ಬಿಡಿಭಾಗ ಜೋಡಿಸುವವರಿಗೆ ಜಾಗವಿಲ್ಲ ಎಂದು ಸರ್ಕಾರ 1953ರಲ್ಲಿ ತೀರ್ಮಾನಿಸಿದ ಮೇಲೆ ಜನರಲ್ ಮೋಟರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ಉಳಿದವರು ಕೈಬೆರಳೆಣಿಕೆಯಷ್ಟು ಮಂದಿ. ಕಲ್ಕತ್ತಾ ಕಡೆ ಅಂಬಾಸಿಡರ್, ಮುಂಬಯಿ ಕಡೆ ಪ್ರೀಮಿಯರ್ ಕಂಪನಿಯ ಫಿಯೆಟ್, ಮದರಾಸಿನಲ್ಲಿ ಸ್ಟ್ಯಾಂಡರ್ಡ್. ಮೂಲದ ಮಾರಿಸ್ ಮೂರನೇ ಸರಣಿ ಇಂಗ್ಲೆಂಡಿನಲ್ಲಿ 1959ಕ್ಕೇ ಮುಗಿಯಿತು. ನಮ್ಮಲ್ಲಿ ಅದಕ್ಕೆ ಮುಖ ಬದಲಿಸಿ 1962ರಲ್ಲಿ ಮಾರ್ಕ್ ಟು, 1975ರಲ್ಲಿ ಮಾರ್ಕ್ ಥ್ರೀ, 1979ರಲ್ಲಿ ಮಾರ್ಕ್ ಫೋರ್ ಎಂದು ಕರೆಯುತ್ತ ಹೋದರು. ಬಾಗಿಲು, ಛಾವಣಿ, ಬೆನ್ನಿನ ಗುಂಡಗಿನ ಆಕಾರ ಅದೇ.

ಅಂಬಾಸಿಡರ್ ಹುಟ್ಟಿದ ಹೊತ್ತು ನಮ್ಮ ಭಾಗಕ್ಕೂ ಹೊಸ ಕಾಲವೇ. 1948ರ ಸೆಪ್ಟೆಂಬರ್ 17ರವರೆಗೆ ಆಳಂದ, ಅಫಜಲಪುರ, ಜೇವರ್ಗಿ ಎಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಕೂಡಿದೆವು. ಅದಾದ ಒಂದೆರಡು ವರ್ಷಕ್ಕೆ ಅಂಬಾಸಿಡರ್ ಬಂತು, ಬಂದದ್ದು ಮಾತ್ರ ಊರಿನ ಕಾರಾಗಿ ಅಲ್ಲ. ಬಿಳಿ ಬಣ್ಣ, ಕಿಟಕಿಗೆ ಪರದೆ, ಮುಂದೆ ಡ್ರೈವರ್, ಹಿಂದೆ ಸಾಹೇಬರು. ಊರಿನ ದಾರಿಯಲ್ಲಿ ಧೂಳೆದ್ದರೆ ‘ಯಾರೋ ದೊಡ್ಡವರು ಬಂದಾರ’ ಎಂದು ಮಕ್ಕಳು ಓಡುತ್ತಿದ್ದುದು ಆ ಧೂಳಿನ ಹಿಂದೆ. ಇಂಗ್ಲಿಷಿನಲ್ಲಿ ಅದರ ಹೆಸರಿನ ಅರ್ಥ ರಾಯಭಾರಿ. ನಮಗೆ ಅದು ನಿಜಕ್ಕೂ ಸರ್ಕಾರದ ರಾಯಭಾರಿಯೇ ಆಗಿತ್ತು.

ಊರಿನವರು ಅದರಲ್ಲಿ ಕೂತದ್ದು ಮದುವೆಗೆ, ಇಲ್ಲವೆ ರೋಗಿಯನ್ನು ಸೊಲ್ಲಾಪುರದ ದವಾಖಾನೆಗೆ ಒಯ್ಯುವಾಗ. ಬಾಡಿಗೆಯ ಅಂಬಾಸಿಡರ್‌ನ ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು. ಗೇರು ನೆಲದಲ್ಲಿರದೆ ಸ್ಟಿಯರಿಂಗಿನ ಕಂಬದ ಮಗ್ಗುಲಿಗೆ ಇದ್ದುದರಿಂದ ಡ್ರೈವರ್ ಪಕ್ಕ ಇಬ್ಬರು ನಿರಾಳ, ಮೂವರು ಅವರಿವರ ತೊಡೆಯ ಮೇಲೆ. ಹಿಂದೆ ನಾಲ್ವರು, ಅವರ ಮಡಿಲಲ್ಲಿ ಮಕ್ಕಳು. ಡಿಕ್ಕಿಯಲ್ಲಿ ಬುತ್ತಿ, ಗಾದಿ, ಟ್ರಂಕು. ಗಾಣಗಾಪುರದ ದತ್ತನ ಗುಡಿಗೆ ಹುಣ್ಣಿಮೆಗೆ ಹೊರಟ ಒಂದು ಅಂಬಾಸಿಡರ್‌ನಿಂದ ಹನ್ನೊಂದು ಮಂದಿ ಇಳಿದದ್ದನ್ನು ನಾನೇ ಎಣಿಸಿದ್ದೇನೆ. ಕೊನೆಗೆ ಇಳಿದ ಅಜ್ಜಿ ಹನ್ನೆರಡನೆಯವಳು ಎಂದು ನನ್ನ ತಮ್ಮ ಈಗಲೂ ವಾದ ಮಾಡುತ್ತಾನೆ.

‘ಗಟ್ಟಿ’ ಎಂಬ ಮಾತು ಹುಟ್ಟಿದ್ದು ಇಲ್ಲಿ ಎಂದು ನನ್ನ ಗುಮಾನಿ. ಇಷ್ಟು ಜನರನ್ನು ಹೊತ್ತೂ ನಡೆಯಿತಲ್ಲ ಎಂಬ ಬೆರಗು ಅದು. ಹಿಂದಿನ ಪಟ್ಟಾ ಸ್ಪ್ರಿಂಗು, ಹದಿನೈದು ಇಂಚಿನ ಗಾಲಿ, 1,100 ಕಿಲೋ ದಾಟುವ ತೂಕ ಎಲ್ಲ ಆ ಬೆರಗಿಗೆ ಸಾಕ್ಷಿ ಹೇಳುತ್ತವೆ. ಬಾಗಿಲು ಹಾಕಿದರೆ ‘ಧಡ್’ ಎಂದು ಕೇಳುವ ಸದ್ದಂತೂ ಅರ್ಧ ತೀರ್ಪು ಕೊಟ್ಟುಬಿಡುತ್ತದೆ.

ಉಳಿದರ್ಧ ತೀರ್ಪು ಮಿಸ್ತ್ರಿಯ ಕೈಯಲ್ಲಿದೆ. ನಮ್ಮ ಕಡೆಯ ಒಬ್ಬ ಹಳೆಯ ಮಿಸ್ತ್ರಿ, ಈಗ ಎಪ್ಪತ್ತು ದಾಟಿದವರು, ಅಂಬಾಸಿಡರ್ ಮೇಲೆಯೇ ಕೆಲಸ ಕಲಿತವರು. ‘ಗಟ್ಟಿ ಅಂತಾರಲ್ಲ ಮಾಮಾ?’ ಎಂದು ಕೇಳಿದೆ. ಅವರು ನಕ್ಕು, ‘ಗಟ್ಟಿ ಇದ್ದಿದ್ರ ನಾನು ನಾಕ್ ಮಕ್ಕಳ ಲಗ್ನ ಹೆಂಗ ಮಾಡ್ತಿದ್ದೆ?’ ಎಂದರು.

ಈ ಒಂದು ಮಾತು ಸಾಕಿತ್ತು, ಆದರೂ ಅವರು ಬೆರಳು ಮಡಚುತ್ತ ಹೋದರು. ಮುಂದಿನ ಗಾಲಿಯ ಕೀಲುಗಳಿಗೆ ತಪ್ಪದೆ ಗ್ರೀಸ್ ಹೊಡೆಯಬೇಕು, ಬಿಟ್ಟರೆ ಸ್ಟಿಯರಿಂಗ್ ಕಲ್ಲಾಗುತ್ತದೆ. ಸಿ.ಬಿ. ಪಾಯಿಂಟ್ ಉಜ್ಜಬೇಕು. ಕಾರ್ಬೊರೇಟರ್ ಬಿಚ್ಚಿ ಊದಬೇಕು. ಬೇಸಿಗೆಯಲ್ಲಿ ರೇಡಿಯೇಟರ್ ಕುದಿಯುತ್ತದೆ, ಮುಚ್ಚಳಕ್ಕೆ ಗೋಣಿಚೀಲ ಸುತ್ತಿ ದೂರ ನಿಂತು ತಿರುವಬೇಕು. ಕುದಿಯುವುದಕ್ಕೆ ಕಾರಣವೂ ಸರಳ. ರೇಡಿಯೇಟರಿನ ಫ್ಯಾನು ಎಂಜಿನ್ನಿನ ಬೆಲ್ಟಿಗೆ ಕಟ್ಟಿದ್ದು. ಗಾಡಿ ಜಾತ್ರೆಯ ಗದ್ದಲದಲ್ಲಿ ನಿಂತು ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಗಾಳಿ ಹೆಚ್ಚು ಬೇಕಾದ ಹೊತ್ತಿಗೇ ಅದು ಕಡಿಮೆ ಬೀಸುತ್ತದೆ. ಕಲಬುರಗಿ ಸೀಮೆಯ ಮೇ ತಿಂಗಳ ಬಿಸಿಲು 42, 43 ಡಿಗ್ರಿಗೆ ಏರುವಂಥದ್ದು. ಮಾರುತಿಯ ಫ್ಯಾನು ಕರೆಂಟಿನದು, ನೀರು ಕಾದಾಗ ತಾನೇ ತಿರುಗುತ್ತದೆ.

ಆದರೆ ಮಿಸ್ತ್ರಿ ಇದನ್ನೆಲ್ಲ ಹೇಳಿದ್ದು ದೂರಾಗಿ ಅಲ್ಲ, ಪ್ರೀತಿಯಿಂದ. ಅಂಬಾಸಿಡರ್ ಎಲ್ಲಿ ಕೆಟ್ಟರೂ ಅಲ್ಲೇ ರಿಪೇರಿ ಆಗುತ್ತಿತ್ತು. ಬಾನೆಟ್ ಎತ್ತಿದರೆ ಒಳಗೆ ಮನುಷ್ಯ ನಿಲ್ಲುವಷ್ಟು ಜಾಗ. ಪಾನಾ, ಸ್ಕ್ರೂಡ್ರೈವರ್, ತಂತಿ, ಸಾಬೂನು ಇಷ್ಟು ಇದ್ದರೆ ಸಾಕು. ಪೆಟ್ರೋಲ್ ಟ್ಯಾಂಕಿ ಸೋರಿದರೆ ಸಾಬೂನು ಮೆತ್ತುತ್ತಿದ್ದರು. ಬ್ಯಾಟರಿ ಸತ್ತರೆ ಹಳೆಯ ಮಾದರಿಗಳಿಗೆ ಮುಂದಿನಿಂದ ಹ್ಯಾಂಡಲ್ ಹೊಡೆಯಬಹುದಿತ್ತು. ಪೆಟ್ರೋಲ್ ತುಟ್ಟಿಯಾದ ಕಾಲಕ್ಕೆ ಎಂಜಿನ್ನನ್ನೇ ಕಿತ್ತು ಬೇರೆ ಗಾಡಿಯ ಡೀಸೆಲ್ ಎಂಜಿನ್ ಕೂಡಿಸಿದವರು ಎಷ್ಟೋ ಮಂದಿ. ಕಂಪನಿಯೂ 1980ರ ಹೊತ್ತಿಗೆ 1,489 ಸಿಸಿಯ ಡೀಸೆಲ್ ಅಂಬಾಸಿಡರ್ ತಂದಿತು. ಏರು ಬಂದರೆ ಎತ್ತಿನ ಬಂಡಿಯೂ ಹಾರ್ನ್ ಹೊಡೆಯಬೇಕು, ಅಷ್ಟು ನಿಧಾನ. ಆದರೂ ಟ್ಯಾಕ್ಸಿಯವರಿಗೆ ಅದೇ ಅನ್ನ ಹಾಕಿತು.

ಹಾಗಾದರೆ ನಾವು ‘ಗಟ್ಟಿ’ ಅನ್ನುತ್ತಿರುವುದು ಕೆಡದ ಗಾಡಿಗಲ್ಲ, ಕೆಟ್ಟರೂ ಕೈಬಿಡದ ಗಾಡಿಗೆ. ಇವೆರಡೂ ಬೇರೆ ಬೇರೆ ಗುಣ. ಮಣ್ಣಿನ ಗೋಡೆಯ ಮನೆಯನ್ನು ವರ್ಷಕ್ಕೊಮ್ಮೆ ಸಾರಿಸಿ ನೂರು ವರ್ಷ ಉಳಿಸಬಹುದು. ಗೋಡೆ ಗಟ್ಟಿ ಅನ್ನುವುದಕ್ಕಿಂತ ಸಾರಿಸುವ ಕೈ ಗಟ್ಟಿ ಅನ್ನುವುದು ಸರಿ. ಇಡೀ ದೇಶದಲ್ಲಿ ಬೇರೆ ಕಾರು ಸುಲಭಕ್ಕೆ ಸಿಗದ ಕಾಲವದು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದವರು ಇದ್ದುದನ್ನು ಬಿಸಾಕುವುದಾದರೂ ಹೇಗೆ? ಕೊರತೆ ಕಲಿಸಿದ ರಿಪೇರಿಯನ್ನು ನಾವು ಕಬ್ಬಿಣದ ಗುಣವೆಂದು ಬರೆದುಕೊಂಡಿದ್ದೇವೆ.

ಮಾರುತಿ ಬಂದದ್ದು ಈ ಕೊರತೆಯ ಮೇಲೆ. ಸಂಜಯ ಗಾಂಧಿಯವರು 1971ರಲ್ಲಿ ಶುರು ಮಾಡಿದ ಮಾರುತಿ ಕಂಪನಿ ಕಾರು ಮಾಡಲಾರದೆ ಮುಳುಗಿತು. ಆ ಹೆಸರಿಟ್ಟುಕೊಂಡು ಕೇಂದ್ರ ಸರ್ಕಾರ 1981ರ ಫೆಬ್ರವರಿಯಲ್ಲಿ ಮಾರುತಿ ಉದ್ಯೋಗ ಎಂಬ ಹೊಸ ಕಂಪನಿ ಕಟ್ಟಿತು. 1982ರ ಅಕ್ಟೋಬರ್‌ನಲ್ಲಿ ಜಪಾನಿನ ಸುಜುಕಿಯ ಜೊತೆ ಒಪ್ಪಂದವಾಯಿತು. 1983ರ ಬೇಸಿಗೆಯಲ್ಲಿ ಹತ್ತು ಸಾವಿರ ರೂಪಾಯಿ ಮುಂಗಡಕ್ಕೆ ಬುಕ್ಕಿಂಗ್ ತೆರೆದರೆ ಎರಡು ತಿಂಗಳಲ್ಲಿ ಸುಮಾರು 1.35 ಲಕ್ಷ ಮಂದಿ ಹಣ ಕಟ್ಟಿದರು. ಆ ವರ್ಷದ ಡಿಸೆಂಬರ್ 14ಕ್ಕೆ ದೆಹಲಿಯ ಹರ್‌ಪಾಲ್ ಸಿಂಗ್ ಅವರ ಕೈಗೆ ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿ ಕೊಟ್ಟರು. ಬೆಲೆ ಐವತ್ತು ಸಾವಿರದ ಆಜೂಬಾಜು. ಹರ್‌ಪಾಲ್ ಸಿಂಗ್ 2010ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಇಟ್ಟುಕೊಂಡಿದ್ದರು. ‘ಡಬ್ಬಿ’ ಅನ್ನುವವರು ಇದನ್ನೊಂದಿಷ್ಟು ಯೋಚಿಸಬೇಕು.

ಹೆಸರಿನ ವಿಷಯದಲ್ಲಿ ಮಾರುತಿಗೆ ನಮ್ಮ ಕಡೆ ಮೊದಲ ದಿನವೇ ಅರ್ಧ ಗೆಲುವು. ಹಣಮಪ್ಪನ ಗುಡಿ ಇಲ್ಲದ ಊರು ಇಲ್ಲಿ ಯಾವುದಿದೆ? ಹೊಸ ಮಾರುತಿಯನ್ನು ಹಣಮಪ್ಪನ ಮುಂದೆ ನಿಲ್ಲಿಸಿ ಕಾಯಿ ಒಡೆಯುವಾಗ ಪೂಜಾರಿ ‘ನಿನ್ನ ಹೆಸರಿಂದೇ ಅದೋ ಯಪ್ಪಾ, ನೀನೇ ಕಾಯಿ’ ಅನ್ನುವುದು ವಾಡಿಕೆಯಾಗಿತ್ತು.

ಯಂತ್ರವಾಗಿ ನೋಡಿದರೆ ಇದು ಬೇರೆಯೇ ಜಾತಿ. 796 ಸಿಸಿ, ಮೂರು ಸಿಲಿಂಡರ್, ಸುಮಾರು 650 ಕಿಲೋ ತೂಕ, ಅಂದರೆ ಅಂಬಾಸಿಡರ್‌ನ ಅರ್ಧಕ್ಕೆ ಸ್ವಲ್ಪ ಹೆಚ್ಚು. ಉದ್ದದಲ್ಲಿ ಒಂದು ಮೀಟರ್ ಕಡಿಮೆ. ಎಂಜಿನ್ ಅಡ್ಡಡ್ಡ ಕೂತಿದೆ, ಎಳೆಯುವುದು ಮುಂದಿನ ಗಾಲಿ. ಇಲ್ಲೊಂದು ತಮಾಷೆ ಇದೆ. ಅಂಬಾಸಿಡರ್‌ನ ತಾಯಿಮನೆಯಾದ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನೇ 1959ರಲ್ಲಿ ಎಂಜಿನ್ ಅಡ್ಡ ಇಟ್ಟು ಮುಂದಿನ ಗಾಲಿ ಎಳೆಯುವ ‘ಮಿನಿ’ ಕಾರನ್ನು ತಂದಿತ್ತು. ಪುಟ್ಟ ಕಾರಿನಲ್ಲಿ ಜನಕ್ಕೆ ಹೆಚ್ಚು ಜಾಗ ಮಾಡಿಕೊಡುವ ಉಪಾಯ ಅದು. ಮುಂದೆ ಜಗತ್ತಿನ ಸಣ್ಣ ಕಾರುಗಳೆಲ್ಲ ಹೆಚ್ಚೂಕಡಿಮೆ ಆ ಹಾದಿ ಹಿಡಿದವು, ಸುಜುಕಿಯೂ ಹಿಡಿಯಿತು. ಅದೇ 1959ರಲ್ಲಿ ನಮ್ಮ ಅಂಬಾಸಿಡರ್‌ಗೆ ಬಂದದ್ದು ಅದೇ ಮನೆಯ 1,489 ಸಿಸಿಯ ಹಳೇ ಬಗೆಯ ಉದ್ದ ಎಂಜಿನ್. ಹೊಸ ವಿಚಾರ ನಮ್ಮ ದೇಶಕ್ಕೆ ಬರುವುದಕ್ಕೆ ಜಪಾನಿನ ಮೇಲೆ ಹಾದು ಇಪ್ಪತ್ತನಾಲ್ಕು ವರ್ಷ ಹಿಡಿಯಿತು.

ಇನ್ನು ನಮ್ಮ ನೆಲದ ಪರೀಕ್ಷೆ. ನಿಂಬರ್ಗಾ ಸುತ್ತಿನ ಎರಿ ಭೂಮಿ ಯಾವ ಕಾರಿಗೂ ದಯೆ ತೋರಿಸುವುದಿಲ್ಲ. ಬೇಸಿಗೆಯಲ್ಲಿ ಅಂಗೈ ಅಗಲ ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರ ಮೇಲೆ ಹಾಕಿದ ಡಾಂಬರೂ ನೆಲದ ಜೊತೆ ಏಳುತ್ತ ಬೀಳುತ್ತ ಅಲೆಅಲೆಯಾಗುತ್ತದೆ. ಮೃಗಶಿರಾ ಮಳೆಗೆ ತೊಗರಿ ಬಿತ್ತುವ ಹೊತ್ತಿಗೆ ಹೊಲದ ದಾರಿಯ ರಾಡಿ ಚಪ್ಪಲಿ ಕಿತ್ತುಕೊಳ್ಳುವಷ್ಟು ಅಂಟು. ಇಂಥಲ್ಲಿ ಅಂಬಾಸಿಡರ್‌ನ ದೊಡ್ಡ ಗಾಲಿಗೆ ಲಾಭವಿತ್ತು, ತಗ್ಗನ್ನು ಹತ್ತಿಳಿಯುತ್ತಿತ್ತು. ಮಾರುತಿಯ ಹನ್ನೆರಡು ಇಂಚಿನ ಗಾಲಿ ಅದೇ ತಗ್ಗಿನೊಳಗೆ ಇಡಿಯಾಗಿ ಕೂತುಬಿಡುತ್ತಿತ್ತು. ಆದರೆ ರಾಡಿಯಲ್ಲಿ ಸಿಕ್ಕ ಅಂಬಾಸಿಡರ್ ಹಿಂದಿನ ಗಾಲಿ ತಿರುಗಿಸಿ ತಿರುಗಿಸಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ, ಮೂಗಿನ ಭಾರವೆಲ್ಲ ಮುಂದಿರುವಾಗ ಹಿಂದೆ ಹಿಡಿತ ಎಲ್ಲಿಂದ ಬರಬೇಕು? ಎಳೆಯಲು ಟ್ರ್ಯಾಕ್ಟರೇ ಬೇಕು. ಮಾರುತಿಯ ಎಂಜಿನ್ ಭಾರ ಎಳೆಯುವ ಗಾಲಿಯ ಮೇಲೆಯೇ ಕೂತಿದೆ. ಅದೂ ಸಾಲದಿದ್ದರೆ ಹೊಲದಲ್ಲಿದ್ದ ನಾಲ್ಕು ಗಂಡಾಳು ಬಂದು ಎತ್ತಿ ಪಕ್ಕಕ್ಕೆ ಇಡುತ್ತಾರೆ. ‘ಹಗುರ’ ಎಂಬುದು ಇಲ್ಲಿ ಬೈಗುಳ ಹೇಗಾದೀತು?

ನಿಜ ಹೇಳಬೇಕೆಂದರೆ, ಈ ಪರೀಕ್ಷೆಯಲ್ಲಿ ಎರಡನ್ನೂ ಸೋಲಿಸಿದ್ದು ಜೀಪು, ಆಮೇಲೆ ಕ್ರೂಸರ್. ನಮ್ಮ ಹಳ್ಳಿಗಳ ಮಂದಿಯನ್ನು ಸಂತೆಗೆ, ಆಸ್ಪತ್ರೆಗೆ, ಗುಳೆಗೆ ಹೊತ್ತದ್ದು ಅವು ಮತ್ತು ಟಂಟಂ. ಆದರೆ ಅವುಗಳ ಬಗ್ಗೆ ಯಾರೂ ಹಳಹಳಿಸಿ ಮಾತಾಡುವುದಿಲ್ಲ, ಇನ್ನೂ ಓಡುತ್ತಿವೆಯಲ್ಲ, ಅದಕ್ಕೆ.

ಮಾರುತಿ ಹಳ್ಳಿಗೆ ಬಂದದ್ದು ರಸ್ತೆಯ ಬೆನ್ನು ಹಿಡಿದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದದ್ದು 2000ದ ಡಿಸೆಂಬರ್‌ನಲ್ಲಿ. ಆಮೇಲೆ ರಾಜ್ಯದ ‘ನಮ್ಮ ಗ್ರಾಮ ನಮ್ಮ ರಸ್ತೆ’ ಬಂತು. ಶಾಲೆಯ ಮಾಸ್ತರು, ಕಾಳಿನ ಅಡತಿ ಅಂಗಡಿಯವರು, ತೊಗರಿಗೆ ಒಳ್ಳೆಯ ಧಾರಣಿ ಸಿಕ್ಕ ವರ್ಷದ ರೈತರು ಹಳೆಯ ಮಾರುತಿ ಕೊಂಡರು. ಹೊಸದಲ್ಲ, ಸೊಲ್ಲಾಪುರ, ಪುಣೆ ಕಡೆಯಿಂದ ಎರಡನೇ ಕೈ, ಮೂರನೇ ಕೈ. ನಮ್ಮ ಕೆಎ 32ರ ನಡುವೆ ಎಂಎಚ್ 13ರ ಸೊಲ್ಲಾಪುರದ ಪ್ಲೇಟಿನ ಮಾರುತಿಗಳು ಈಗಲೂ ಕಾಣಸಿಗುತ್ತವೆ.

ಇದರ ಜೊತೆ ಬಂದ ಬದಲಾವಣೆ ನನಗೆ ಎಂಜಿನ್ನಿಗಿಂತ ದೊಡ್ಡದೆನಿಸುತ್ತದೆ. ಅಂಬಾಸಿಡರ್‌ನಲ್ಲಿ ಯಜಮಾನ ಹಿಂದೆ ಕೂಡುತ್ತಿದ್ದ, ಮಾರುತಿಯಲ್ಲಿ ಮುಂದೆ ಬಂದು ಸ್ಟಿಯರಿಂಗ್ ಹಿಡಿದ. ಡ್ರೈವರ್ ಸಾಬ ಎಂಬ ಮನುಷ್ಯನೇ ಮನೆಯಿಂದ ಮರೆಯಾದ. ಹನ್ನೊಂದು ಮಂದಿ ಹಿಡಿಯುವ ಜಾಗ ಹೋಗಿ ಗಂಡ, ಹೆಂಡತಿ, ಎರಡು ಮಕ್ಕಳ ಜಾಗ ಬಂತು. ‘ಕಾಕಾ, ನೀವು ಬಸ್ಸಿಗೆ ಬರ್ರಿ, ಗಾಡ್ಯಾಗ ಜಾಗಿಲ್ಲ’ ಎಂಬ ಮಾತನ್ನು ನಮ್ಮ ಮನೆಗಳು ಮೊದಲು ಕಲಿತದ್ದು ಮಾರುತಿಯಿಂದ. ಇನ್ನೊಂದು ಮಗ್ಗುಲೂ ಇದೆ. ಅಂಬಾಸಿಡರ್‌ನ ಭಾರದ ಸ್ಟಿಯರಿಂಗನ್ನು ನಮ್ಮ ಕಡೆಯ ಹೆಣ್ಣುಮಕ್ಕಳು ಹಿಡಿದದ್ದನ್ನು ನಾನು ಕಂಡಿಲ್ಲ, ಹಿಡಿಯಲು ಕೊಟ್ಟವರೂ ಇಲ್ಲ. ಆಳಂದದ ಶಾಲೆಗೆ ತಾನೇ ಮಾರುತಿ ಓಡಿಸಿಕೊಂಡು ಹೋದ ಟೀಚರಮ್ಮನನ್ನು ಕಂಡಿದ್ದೇನೆ.

ಸುರಕ್ಷೆಯ ಪ್ರಶ್ನೆಯಲ್ಲಿ ‘ಗಟ್ಟಿ’ ಪಕ್ಷದವರು ಜೋರಾಗುತ್ತಾರೆ: ಡಿಕ್ಕಿಯಾದರೆ ಅಂಬಾಸಿಡರ್‌ಗೆ ಬಂಪರ್ ಮಣಿಯುತ್ತದೆ ಅಷ್ಟೇ, ಮಾರುತಿ ಮುದ್ದೆಯಾಗುತ್ತದೆ ಎಂದು. ಎರಡನೆಯದನ್ನು ಅಲ್ಲಗಳೆಯಲಾರೆ. 2014ರ ಜನವರಿಯಲ್ಲಿ, ಮಾರುತಿ 800 ನಿಂತ ತಿಂಗಳಲ್ಲೇ, ಅದರ ಉತ್ತರಾಧಿಕಾರಿಯಾದ ಆಲ್ಟೋ 800ಕ್ಕೆ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಸೊನ್ನೆ ನಕ್ಷತ್ರ ಸಿಕ್ಕಿತು. ಆದರೆ ಮೊದಲನೆಯದು ಭ್ರಮೆ. ಗುದ್ದಿದ ಪೆಟ್ಟು ಎಲ್ಲಾದರೂ ಹೋಗಲೇಬೇಕು. ಮೂತಿಯ ತಗಡು ಮಣಿದು ಅದನ್ನು ನುಂಗದಿದ್ದರೆ ಒಳಗೆ ಕೂತವರ ಎದೆ ನುಂಗಬೇಕು. ಇವತ್ತಿನ ಕಾರುಗಳ ಮೂತಿ ಬೇಕೆಂದೇ ಮಡಚಿಕೊಳ್ಳುವಂತೆ ಮಾಡಿರುವುದು ಆ ಕಾರಣಕ್ಕೆ. ಅಪಘಾತದ ಮರುದಿನ ಅಂಬಾಸಿಡರ್ ಸುಸ್ಥಿತಿಯಲ್ಲಿ ನಿಂತಿರುವುದನ್ನು ನೋಡಿ ಮೆಚ್ಚಿದವರು ಅದರೊಳಗಿದ್ದವರನ್ನು ಯಾವ ವಾರ್ಡಿನಲ್ಲಿ ಮಲಗಿಸಿದ್ದಾರೆಂದು ಕೇಳಲಿಲ್ಲ.

ಕೊನೆಯ ದಿನಗಳಲ್ಲಿ ಗಡಿನಾಡಿನ ನಮಗೆ ಮಾತ್ರ ಸಿಕ್ಕ ಒಂದು ಸೋಜಿಗವಿದೆ. 2010ರ ಏಪ್ರಿಲ್‌ನಿಂದ ದೇಶದ ಹದಿಮೂರು ನಗರಗಳಲ್ಲಿ ಹೊಗೆಯ ಹೊಸ ನಿಯಮ, ಬಿಎಸ್ 4, ಜಾರಿಗೆ ಬಂತು. ಅದಕ್ಕೆ ತಕ್ಕ ಎಂಜಿನ್ ಇಲ್ಲದ ಮಾರುತಿ 800 ಆ ನಗರಗಳಲ್ಲಿ ಮಾರುವುದು ನಿಂತಿತು. ದೆಹಲಿ, ಮುಂಬಯಿ, ಬೆಂಗಳೂರು ಪಟ್ಟಿಯಲ್ಲಿದ್ದದ್ದು ಸಹಜ, ಸೊಲ್ಲಾಪುರವೂ ಇತ್ತು. ಕಲಬುರಗಿ ಇರಲಿಲ್ಲ. ದವಾಖಾನೆಗೆ, ಬಟ್ಟೆಗೆ, ಬಿಡಿಭಾಗಕ್ಕೆ ಎಲ್ಲಕ್ಕೂ ಸೊಲ್ಲಾಪುರದ ಕಡೆ ನೋಡುತ್ತಿದ್ದ ನಿಂಬರ್ಗಾದವರು ಹೊಸ ಮಾರುತಿ 800 ಬೇಕೆಂದರೆ ಆ ನಾಲ್ಕು ವರ್ಷ ಕಲಬುರಗಿಗೇ ಹೋಗಬೇಕಾಗಿತ್ತು. ದೊಡ್ಡ ಊರಿಗೆ ಬೇಡವಾದ ಮೇಲೆ ಇಂಥ ಊರುಗಳೇ ಅದನ್ನು ಬದುಕಿಸಿದವು. ಒಟ್ಟು 28 ಲಕ್ಷಕ್ಕೂ ಹೆಚ್ಚು ಮಾರುತಿ 800 ತಯಾರಾದವು. 1980ರ ದಶಕದ ನಡುವಿನಲ್ಲಿ ವರ್ಷಕ್ಕೆ ಸುಮಾರು 24,000ದಷ್ಟು ಮಾರುತ್ತಿದ್ದ ಅಂಬಾಸಿಡರ್ ಕೊನೆಯ ವರ್ಷ ಎರಡು ಸಾವಿರ ಚಿಲ್ಲರೆಗೆ ಇಳಿದಿತ್ತು. 2017ರಲ್ಲಿ ಆ ಹೆಸರನ್ನು ಫ್ರಾನ್ಸಿನ ಪ್ಯೂಜೊ ಕಂಪನಿ 80 ಕೋಟಿಗೆ ಕೊಂಡಿತು. ಕಾರಿಗಿಂತ ಹೆಸರೇ ಗಟ್ಟಿ ಉಳಿಯಿತು ಅನ್ನಬೇಕು.

ನನ್ನ ತೀರ್ಪು ಮಾರುತಿಯ ಕಡೆಗೇ. ಆದರೆ ಒಂದು ವಿಷಯದಲ್ಲಿ ಮಿಸ್ತ್ರಿಯ ಎದುರು ಸೋಲುತ್ತೇನೆ. 2000ದ ಹೊತ್ತಿಗೆ ಮಾರುತಿಗೆ ಕಾರ್ಬೊರೇಟರ್ ಹೋಗಿ ಪೆಟ್ರೋಲನ್ನು ಕಂಪ್ಯೂಟರ್ ಲೆಕ್ಕ ಹಾಕಿ ಚಿಮ್ಮಿಸುವ ಎಂಪಿಎಫ್‌ಐ ಬಂತು. ಮೈಲೇಜು, ಹೊಗೆ ಎರಡೂ ಸುಧಾರಿಸಿದವು. ಆದರೆ ಕೆಟ್ಟಾಗ ಮಿಸ್ತ್ರಿ ಬಾನೆಟ್ ಎತ್ತಿ ಸುಮ್ಮನೆ ನಿಂತ. ಊದುವುದಕ್ಕೆ, ಉಜ್ಜುವುದಕ್ಕೆ ಏನೂ ಇರಲಿಲ್ಲ. ಎರಡು ಕಾಲದ ಗೆರೆ ಬಿದ್ದದ್ದು ಅಂಬಾಸಿಡರ್ ಮತ್ತು ಮಾರುತಿಯ ನಡುವೆ ಅಲ್ಲ, ಹಳೇ ಮಾರುತಿ ಮತ್ತು ಹೊಸ ಮಾರುತಿಯ ನಡುವೆ ಎಂದು ಅವರ ಅಂಬೋಣ. ‘ಕೈಯಿಗೆ ತಿಳಿತಿತ್ತು ಅದು. ಇದು ಮಷಿನ್ ಹಚ್ಚಿ ಕೇಳಬೇಕು’ ಎಂದರು.

ಈಗ ಹಳೇ ಕಾರಿಗೂ ಸರ್ಕಾರದ ಒಂದು ಅಳತೆ ಬಂದಿದೆ. 2021ರ ಕೇಂದ್ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿ ‘ವಿಂಟೇಜ್’. 20,000 ರೂಪಾಯಿ ಕಟ್ಟಿದರೆ ‘ವಿಎ’ ಅಕ್ಷರವುಳ್ಳ ಬೇರೆಯೇ ನಂಬರ್. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಒರೆಸಿಟ್ಟ ಕಾರುಗಳಿಗೆ ಇದು ಸರಿಹೊಂದೀತು. ನಮ್ಮ ಸೀಮೆಯ ಅಂಬಾಸಿಡರ್‌ಗಳು ವಯಸ್ಸಿನಲ್ಲಿ ಪಾಸು, ಮೂಲ ರೂಪದಲ್ಲಿ ನಾಪಾಸು. ಒಂದಕ್ಕೆ ಬೇರೆ ಗಾಡಿಯ ಡೀಸೆಲ್ ಎಂಜಿನ್, ಇನ್ನೊಂದಕ್ಕೆ ನೆಲಕ್ಕೆ ಇಳಿಸಿದ ಗೇರು, ಮತ್ತೊಂದಕ್ಕೆ ಊರಿನ ಬಡಿಗ ಮಾಡಿಕೊಟ್ಟ ಡ್ಯಾಶ್‌ಬೋರ್ಡು. ಯಾವ ರಿಪೇರಿಯಿಂದ ಅವು ‘ಗಟ್ಟಿ’ ಅನ್ನಿಸಿಕೊಂಡವೋ ಅದೇ ರಿಪೇರಿ ಅವುಗಳನ್ನು ಪಟ್ಟಿಯಿಂದ ಹೊರಗೆ ಹಾಕಿದೆ.

ಮಾರುತಿಗಳಲ್ಲಿ ಮೊಟ್ಟಮೊದಲನೆಯದಕ್ಕೂ ಐವತ್ತು ತುಂಬುವುದು 2033ರ ಡಿಸೆಂಬರ್‌ಗೆ. ನನ್ನದಕ್ಕೆ ಇನ್ನೂ ಹದಿಮೂರು ವರ್ಷ ಹೆಚ್ಚು ಬೇಕು. ಆದರೂ ಮೊನ್ನೆ ಮಿಸ್ತ್ರಿಯ ಹತ್ತಿರ ಹೋಗಿ, ‘ಮಾಮಾ, ನಮ್ಮ ಗಾಡಿಯ ಒರಿಜಿನಲ್ ಕಾರ್ಬೊರೇಟರ್ ಮಾತ್ರ ಬದಲಿ ಮಾಡಬ್ಯಾಡ್ರಿ’ ಎಂದು ಹೇಳಿಟ್ಟೆ.

‘ಅದು ಹೋದ ದೀಪಾವಳಿಗೇ ಬದಲಿ ಆಗ್ಯದಲ್ಲ’ ಎಂದರು ಅವರು. ‘ನೀವೇ ಗಾಡಿ ಛಲೋ ನಡದದ ಅಂತ ನೂರು ರೂಪಾಯಿ ಹೆಚ್ಚಿಗಿ ಕೊಟ್ಟಿರಿ.’